ಓದುಗರ ಪ್ರಶ್ನೆ: ಅಟ್ಟದ ಮೇಲಿನ ಹಳೇ ಡ್ರಮ್ ಸೆಟ್ ಏನು ಮಾಡೋಣ?

ಪ್ರಶ್ನೆ: ನನ್ನ ತಮ್ಮ ಕಾಲೇಜಿನಲ್ಲಿದ್ದಾಗ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಐದು ಡ್ರಮ್‌ಗಳ ಸೆಟ್ 15 ವರ್ಷದಿಂದ ಅಟ್ಟದ ಮೇಲಿದೆ. ಹೆಸರಾಂತ ಕಂಪನಿಯದಲ್ಲ. ಒಳಗೆಲ್ಲ ಬೂಷ್ಟು, ಸ್ಕ್ರೂಗಳಿಗೆ ತುಕ್ಕು, ಒಂದು ಸಿಂಬಲ್ (ಬಾರಿಸುವ ಲೋಹದ ತಟ್ಟೆ) ಸೀಳಿದೆ. ಮಾರೋಣ ಎಂದರೆ ಕೇಳುವವರಿಲ್ಲ. ಅಕ್ಕನ ಮಗಳು ಕಲಿಯುತ್ತೇನೆ ಎನ್ನುತ್ತಿದ್ದಾಳೆ. ರಿಪೇರಿ ಮಾಡಿಸಬಹುದೇ, ಗುಜರಿಗೆ ಹಾಕುವುದೇ?
– ಓದುಗರು, ಸೋಮವಾರಪೇಟೆ

ಉತ್ತರ: ಕೇಳುವವರಿಲ್ಲದಿರುವುದು ನಿಮ್ಮ ಸೆಟ್ಟಿನ ದೋಷವಲ್ಲ. ಆರ್ಕೆಸ್ಟ್ರಾದವರು ಬಹುಪಾಲು ಎಲೆಕ್ಟ್ರಾನಿಕ್ ರಿದಮ್ ಪ್ಯಾಡ್‌ಗೆ ಹೋಗಿಬಿಟ್ಟಿದ್ದಾರೆ. ಅಗ್ಗದ ಹಳೇ ಸೆಟ್ಟನ್ನು ಪೂರ್ತಿ ಹೊಸದು ಮಾಡಿಸಲು ಹೊರಟರೆ ಐದು ಡ್ರಮ್‌ಗೆ ಮೇಲೆ ಕೆಳಗೆ ಎರಡೆರಡರಂತೆ ಹತ್ತು ಹೆಡ್ (ಡ್ರಮ್ಮಿನ ಬಾಯಿಗೆ ಬಿಗಿಯುವ ಹಾಳೆ) ಬೇಕು. ಆ ದುಡ್ಡು ಮಾರಿದರೂ ವಾಪಸ್ ಬರುವುದಿಲ್ಲ. ಆದರೆ ಮನೆಯಲ್ಲೇ ಕಲಿಯುವ ಹುಡುಗಿ ಇದ್ದಾಳೆ. ಹಾಗಾಗಿ ನಮ್ಮ ಸಲಹೆ ಇಷ್ಟು: ಐದನ್ನೂ ಉಳಿಸಲು ಹೋಗಬೇಡಿ, ಐದರಿಂದ ಒಳ್ಳೆಯ ಮೂರನ್ನು ಮಾಡಿಕೊಳ್ಳಿ. ಬೇಸ್ (ಪೆಡಲ್ ಒತ್ತಿ ಹೊಡೆಯುವ ದೊಡ್ಡ ಡ್ರಮ್), ಸ್ನೇರ್ (ಕೆಳಗೆ ತಂತಿಗಳಿರುವ ಡ್ರಮ್), ಫ್ಲೋರ್ ಟಾಮ್ (ನೆಲದ ಮೇಲೆ ನಿಲ್ಲುವ ಡ್ರಮ್) ಮತ್ತು ಹೈ-ಹ್ಯಾಟ್ (ಪೆಡಲಿನ ಜೋಡಿ ಸಿಂಬಲ್) ಇದ್ದರೆ ಕಲಿಕೆಗೆ ಧಾರಾಳವಾಯಿತು. ಮೇಲಿನ ಎರಡು ಚಿಕ್ಕ ಟಾಮ್‌ಗಳನ್ನು ಬಿಚ್ಚಿ ಬಿಡಿಭಾಗಕ್ಕೆ ಇಟ್ಟುಕೊಳ್ಳಿ.

ದುಡ್ಡು ಹಾಕುವ ಮೊದಲು ಮರದ ಮೈ, ಅಂದರೆ ಶೆಲ್ ನೋಡಿ. ಅಗ್ಗದ ಸೆಟ್ಟುಗಳದ್ದು ಪದರ ಪದರವಾಗಿ ಅಂಟಿಸಿದ ತೆಳು ಮರ, ಮೇಲೆ ಪ್ಲಾಸ್ಟಿಕ್ ಹೊದಿಕೆ. ನಮ್ಮ ಜೂನ್–ಸೆಪ್ಟೆಂಬರ್ ಮಳೆಯ ಥಂಡಿಗೆ ಅಂಟು ಬಿಟ್ಟುಕೊಳ್ಳುತ್ತದೆ. ಹೆಡ್ ತೆಗೆದು ಶೆಲ್ಲಿನ ಸುತ್ತ ಬೆರಳ ಗೆಣ್ಣಿನಿಂದ ತಟ್ಟುತ್ತಾ ಬನ್ನಿ. ಎಲ್ಲೆಡೆ ಒಂದೇ ಗಟ್ಟಿ ಸದ್ದು ಬರಬೇಕು. ಎಲ್ಲಾದರೂ ಸಡಿಲವಾದ ‘ಡಬ್’ ಎಂದರೆ ಅಲ್ಲಿ ಪದರ ಬಿಟ್ಟಿದೆ. ಸೂಜಿಯಿಲ್ಲದ ಸಿರಿಂಜಿನಲ್ಲಿ ಫೆವಿಕಾಲ್ ಒಳಗೆ ಬಿಟ್ಟು, ಎರಡೂ ಕಡೆ ಹಲಗೆ ತುಂಡು ಕೊಟ್ಟು ಕ್ಲಾಂಪ್ ಹಾಕಿ 24 ಗಂಟೆ ಬಿಟ್ಟರೆ ಸರಿಹೋಗುತ್ತದೆ. ಕುಟ್ಟೆ ಹಿಡಿದು ಸಣ್ಣ ತೂತುಗಳಿಂದ ಪುಡಿ ಉದುರುತ್ತಿದ್ದರೆ ಮಾತ್ರ ಆ ಶೆಲ್ಲನ್ನು ಮನೆಯೊಳಗೇ ಇಡಬೇಡಿ, ಹುಳು ತೊಲೆಗೂ ಹೋಗುತ್ತದೆ.

ಆಮೇಲೆ ಅಂಚು. ಹೆಡ್ ಕೂರುವ ಅಂಚು ಸಮವಿಲ್ಲದಿದ್ದರೆ ಎಷ್ಟು ದುಬಾರಿ ಹೆಡ್ ಹಾಕಿದರೂ ಡ್ರಮ್ ಶ್ರುತಿಗೆ ಬರುವುದಿಲ್ಲ. ದಪ್ಪ ಗಾಜಿನ ಮೇಲೆ ಶೆಲ್ ಕವುಚಿಟ್ಟು, ಒಳಗೆ ಟಾರ್ಚ್ ಹಚ್ಚಿ, ಕೋಣೆ ಕತ್ತಲೆ ಮಾಡಿ. ಗಾಜಿಗೂ ಅಂಚಿಗೂ ನಡುವೆ ಬೆಳಕಿನ ಎಳೆ ಕಂಡಲ್ಲಿ ಅಂಚು ತಗ್ಗಿದೆ. ಕೂದಲೆಳೆಯಷ್ಟಾದರೆ ಅದೇ ಗಾಜಿಗೆ 220ರ ಮರಳು ಕಾಗದ ಅಂಟಿಸಿ, ಶೆಲ್ಲನ್ನು ಒತ್ತದೆ ನಾಲ್ಕೈದು ಸುತ್ತು ತಿರುಗಿಸಿ. ಹೆಚ್ಚು ಉಜ್ಜಿದರೆ ಅಂಚಿನ ಇಳಿಜಾರು ಚಪ್ಪಟೆಯಾಗಿ ದನಿ ಸಾಯುತ್ತದೆ. ಕೊನೆಗೆ ಅಂಚಿನ ಮೇಲೆ ಮೇಣದ ಬತ್ತಿ ಒಮ್ಮೆ ಸವರಿ. ಶೆಲ್ ದುಂಡಗಿದೆಯೇ ಎಂದು ನಾಲ್ಕು ದಿಕ್ಕಿನಲ್ಲಿ ಅಡ್ಡಳತೆ ಹಿಡಿಯಿರಿ. ಮೂರು ಮಿಲಿಮೀಟರ್‌ಗಿಂತ ಹೆಚ್ಚು ವ್ಯತ್ಯಾಸ ಬಂದು, ಹೆಡ್ ಒಂದು ಕಡೆ ಬಿಗಿ ಇನ್ನೊಂದು ಕಡೆ ಸಡಿಲ ಕೂತರೆ ಆ ಡ್ರಮ್ಮಿನ ಆಸೆ ಬಿಡಿ.

ಹೆಡ್ ಬಿಗಿಯುವ, ತುಕ್ಕು ಹಿಡಿದ ಟೆನ್ಶನ್ ರಾಡ್‌ಗಳ ಮೇಲೆ ಬಲ ತೋರಿಸಬೇಡಿ. ಅವು ಕೂರುವ ಲಗ್ (ಶೆಲ್ಲಿಗೆ ಜೋಡಿಸಿದ ಹಿಡಿ) ಸಾಮಾನ್ಯವಾಗಿ ಎರಕದ ಸತುವಿನದು, ರಾಡ್‌ಗಿಂತ ಮೊದಲು ಅದೇ ಮುರಿಯುತ್ತದೆ. ರಾಡ್ ಲಗ್ಗಿನೊಳಗೆ ಹೋಗುವ ಜಾಗಕ್ಕೆ ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಬಿಟ್ಟು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಡ್ರಮ್ ಕೀಯಿಂದ (ರಾಡ್ ತಿರುಗಿಸುವ ಚಾವಿ) ಕಾಲು ಸುತ್ತು ಬಿಗಿ ಮಾಡಿ, ಆಮೇಲೆ ಸಡಿಲಿಸಿ. ಹೀಗೆ ಹಿಂದೆ ಮುಂದೆ ಆಡಿಸಿದರೆ ತುಕ್ಕು ಬಿಡುತ್ತದೆ. ಕಳೆದುಹೋದ ರಾಡ್‌ಗೆ ಹಾರ್ಡ್‌ವೇರ್ ಅಂಗಡಿಯ ಬೋಲ್ಟ್ ಆಗುವುದಿಲ್ಲ: ಹೆಚ್ಚಿನ ಡ್ರಮ್‌ಗಳಲ್ಲಿ 12-24 ಎಂಬ ಅಳತೆಯ ಮರೆ (ಸ್ಕ್ರೂವಿನ ಸುರುಳಿ ಗೆರೆ) ಇರುತ್ತದೆ, ಕೆಲವದರಲ್ಲಿ ಮೆಟ್ರಿಕ್. ಬೇರೆ ಮರೆ ತುರುಕಿದರೆ ಲಗ್ಗಿನ ನಟ್ ಹಾಳು. ಬಿಚ್ಚಿಟ್ಟ ಚಿಕ್ಕ ಟಾಮ್‌ಗಳು ಇಲ್ಲಿ ಒದಗುತ್ತವೆ. ಬೇಸ್ ಡ್ರಮ್ಮಿನ ರಾಡ್ ಉದ್ದ ಬೇರೆ, ಅದಕ್ಕೆ ಬಾರದು.

ಬೂಷ್ಟಿಗೆ ವಿನೆಗರ್–ನೀರು ಸಮಸಮ ಬೆರೆಸಿ, ಹಿಂಡಿದ ಬಟ್ಟೆಯಿಂದ ಒರೆಸಿ, ನೆರಳಲ್ಲಿ ಗಾಳಿಗೆ ಎರಡು ಮೂರು ದಿನ ಬಿಡಿ. ಕಾಫಿ ಒಣಹಾಕುವ ಕಣದ ಬಿಸಿಲಿಗೆ ಇಟ್ಟೀರಿ ಜೋಕೆ. ಪ್ಲಾಸ್ಟಿಕ್ ಹೊದಿಕೆ ಗುಳ್ಳೆಯೆದ್ದು ಕಿತ್ತು ಬರುತ್ತದೆ.

ದುಡ್ಡು ಖರ್ಚು ಮಾಡಬೇಕಾದ್ದು ಎರಡೇ ಕಡೆ: ಸ್ನೇರ್‌ನ ಮೇಲಿನ ಹೆಡ್ (ಸಾಮಾನ್ಯವಾಗಿ 14 ಇಂಚು) ಮತ್ತು ಪೆಡಲ್ ಹೊಡೆಯುವ ಬೇಸ್ ಹೆಡ್ (22 ಇಂಚು, ಅಳೆದು ನೋಡಿ). ಸ್ನೇರ್‌ನ ಕೆಳಗಿನ ಹೆಡ್ ಹರಿದಿದ್ದರೆ ಕೆಳಭಾಗದ್ದೇ ಬೇಕು ಎಂದು ಕೇಳಿ ತನ್ನಿ. ಮೇಲಿನದು ಕಾಲು ಮಿಲಿಮೀಟರ್ ದಪ್ಪ, ಕೆಳಗಿನದು ಅದರ ಮೂರನೇ ಒಂದು ಭಾಗದಷ್ಟೂ ಇರುವುದಿಲ್ಲ. ದಪ್ಪನೆಯದನ್ನು ಕೆಳಗೆ ಹಾಕಿದರೆ ಸ್ನೇರ್ ತಂತಿಗಳು ಅಲುಗುವುದೇ ಇಲ್ಲ. ತಂತಿಗಳಲ್ಲಿ ಒಂದೆರಡು ಜೋತಿದ್ದರೆ ಎರಡೂ ತುದಿಯಲ್ಲಿ ಕತ್ತರಿಸಿ ತೆಗೆಯಿರಿ, ಗುಂಯ್‌ಗುಡುವುದು ನಿಲ್ಲುತ್ತದೆ.

ಹೆಡ್ ಬಿಗಿಯುವಾಗ ಎಲ್ಲ ರಾಡ್‌ಗಳನ್ನೂ ಮೊದಲು ಬೆರಳಲ್ಲೇ ಕೂರಿಸಿ. ಆಮೇಲೆ ಕೀಯಿಂದ ಒಂದಕ್ಕೆ ಅರ್ಧ ಸುತ್ತು, ಅದರ ಎದುರಿನದಕ್ಕೆ ಅರ್ಧ ಸುತ್ತು. ಪಕ್ಕಪಕ್ಕದ್ದನ್ನು ಬಿಗಿಯುತ್ತಾ ಹೋದರೆ ಹೆಡ್ ಓರೆಯಾಗಿ ಒಂದು ಕಡೆ ಸುಕ್ಕು ನಿಲ್ಲುತ್ತದೆ. ಸುಕ್ಕೆಲ್ಲ ಹೋದ ಮೇಲೆ ಪ್ರತಿ ರಾಡ್‌ನಿಂದ ಒಂದು ಇಂಚು ಒಳಗೆ ಕಡ್ಡಿಯಿಂದ ತಟ್ಟಿ, ದನಿ ಒಂದೇ ಆಗುವವರೆಗೆ ಹೊಂದಿಸಿ.

ಸೀಳಿದ ಸಿಂಬಲ್ ಬೆಸುಗೆಗೆ ನಿಲ್ಲದು. ಅಗ್ಗದ ಸೆಟ್ಟಿನದು ಸಾಮಾನ್ಯವಾಗಿ ಹಿತ್ತಾಳೆ: ತಟ್ಟೆ ಬಡಿದಂತೆ ಸದ್ದು ಮಾಡಿ ಬೇಗ ನಿಲ್ಲುತ್ತದೆ. ಒಳ್ಳೆಯವು ಕಂಚಿನವು, ನೂರಕ್ಕೆ 80 ತಾಮ್ರ 20 ತವರ ಬೆರೆಸಿದವು. ಗಂಟೆಯ ಲೋಹವೂ ಹೆಚ್ಚುಕಡಿಮೆ ಅದೇ, ಅದರಿಂದಲೇ ಆ ನಾದ. ನಿಮ್ಮದು ಹಿತ್ತಾಳೆಯಾದರೆ ಗುಜರಿಯಲ್ಲಿ ತೂಕಕ್ಕೆ ಕೊಡಿ. ಸ್ಟ್ಯಾಂಡ್‌ಗಳನ್ನು ಮಾತ್ರ ಕೊಡಬೇಡಿ, ಗಟ್ಟಿಯಾಗಿ ನಿಲ್ಲುವ ಸ್ಟ್ಯಾಂಡ್ ಯಾವ ಸೆಟ್ಟಿಗಾದರೂ ಬೇಕು.

ಪ್ರಶ್ನೆ: ಇಂಥದ್ದೇ ಸೆಟ್ಟಿನ 12 ಇಂಚಿನ ಟಾಮ್‌ಗೆ ಚರ್ಮ ಹಾಕಿ ಪುತ್ತರಿಗೆ (ಕೊಡಗಿನ ಸುಗ್ಗಿ ಹಬ್ಬ) ದುಡಿ (ನಡು ಸಣ್ಣಗಿರುವ ಕೈವಾದ್ಯ) ಮಾಡಿಕೊಳ್ಳಬಹುದೇ?
– ಓದುಗರು, ನಾಪೋಕ್ಲು

ಉತ್ತರ: ಆಗದು. ದುಡಿಯ ದನಿ ಅದರ ಸಣ್ಣ ನಡುವಿನಲ್ಲಿದೆ; ಟಾಮ್ ನೇರ ಕೊಳವೆ. ಜೊತೆಗೆ ಟಾಮ್‌ನ ರಿಮ್ಮು ರಾಡುಗಳು 1950ರ ದಶಕದ ಕೊನೆಗೆ ಬಳಕೆಗೆ ಬಂದ ಪಾಲಿಯೆಸ್ಟರ್ ಹೆಡ್‌ಗೆ ಹೊಂದಿದವು. ಅದು ತೇವ ಹೀರುವುದಿಲ್ಲ. ಚರ್ಮ ಮಳೆಗಾಲದಲ್ಲಿ ಜೋತು, ಬೇಸಿಗೆಯಲ್ಲಿ ಬಿಗಿದು, ಅಗ್ಗದ ಶೆಲ್ಲನ್ನು ಎಳೆದು ಸೊಟ್ಟ ಮಾಡುತ್ತದೆ. ದುಡಿ ಬೇಕಿದ್ದರೆ ದುಡಿಯನ್ನೇ ಮಾಡಿಸಿ.

ಪ್ರಶ್ನೆ: ನಮ್ಮ ಹಳೇ ಸೆಟ್ಟನ್ನು ಶಾಲೆಗೆ ಕೊಡಬೇಕೆಂದಿದ್ದೇವೆ. ಹಾಗೇ ಕಳಿಸಬಹುದೇ?
– ಓದುಗರು, ಕುಶಾಲನಗರ

ಉತ್ತರ: ದಯವಿಟ್ಟು ನುಡಿಸುವ ಸ್ಥಿತಿಗೆ ತಂದು ಕೊಡಿ. ಪೆಡಲ್ ಸ್ಪ್ರಿಂಗ್, ಹೈ-ಹ್ಯಾಟ್‌ನ ಮೇಲಿನ ಸಿಂಬಲ್ ಹಿಡಿಯುವ ಕ್ಲಚ್, ಅಲುಗದ ಸ್ಟೂಲ್, ಒಂದು ಡ್ರಮ್ ಕೀ – ಇವುಗಳಲ್ಲಿ ಒಂದಿಲ್ಲದಿದ್ದರೂ ಸೆಟ್ಟು ಶಾಲೆಯ ಉಗ್ರಾಣದಲ್ಲಿ ಧೂಳು ತಿನ್ನುತ್ತದೆ, ಮಕ್ಕಳಿಗೆ ದಕ್ಕುವುದಿಲ್ಲ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಹಾಳೆ ಸುತ್ತಿಡಬೇಡಿ, ಒಳಗೇ ನೀರು ಕೂರುತ್ತದೆ. ಹಳೇ ಕಾಟನ್ ಬೆಡ್‌ಶೀಟ್ ಹೊದಿಸಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲಿಡಿ ಎಂದು ಅವರಿಗೂ ಹೇಳಿ.