ಆ ತಲೆ ಅದರದ್ದಲ್ಲ, ಮೇಷ್ಟ್ರೇ

ಮೇಷ್ಟ್ರೇ, ನಮಸ್ಕಾರ.

ಚಿತ್ರದುರ್ಗದಿಂದ ನೀವು ಕಳಿಸಿದ ‘ಡೈನೋಸಾರ್ ನನ್ನನ್ನು ನೋಡಿ ಗರ್ಜಿಸಿತು’ ಲೇಖನ ಕೈಸೇರಿತು. ಶಾಲೆಯ ಮಕ್ಕಳನ್ನು ಹೈದರಾಬಾದಿಗೆ ಪ್ರವಾಸ ಕರೆದುಕೊಂಡು ಹೋಗಿದ್ದು, ಅಲ್ಲಿನ ಬಿರ್ಲಾ ವಿಜ್ಞಾನ ಮ್ಯೂಸಿಯಂನಲ್ಲಿ ಡೈನೋಸಾರ್ ಅಸ್ಥಿಪಂಜರ ನೋಡಿದ್ದು, ನೋಡುತ್ತಾ ಚಿಕ್ಕಂದಿನ ಸಿನಿಮಾಗಳು ನೆನಪಾಗಿದ್ದು, ಇಷ್ಟು ವಿಷಯ. ಭಾಷೆ ಚೊಕ್ಕವಾಗಿದೆ. ಕಾಗುಣಿತದ ತಪ್ಪಿಲ್ಲ. ಬಸ್ಸಿನ ಪ್ರಯಾಣದ ಭಾಗ ಸಲೀಸಾಗಿ ಓದಿಸಿಕೊಂಡು ಹೋಗುತ್ತದೆ. ಆದರೆ ಈಗಿರುವ ಹಾಗೆ ಅದನ್ನು ಪತ್ರಿಕೆಯಲ್ಲಿ ಹಾಕಲಾರೆ.

ಬೇರೆಯವರಿಗಾದರೆ ಎರಡು ಸಾಲು ಬರೆದು ಮುಗಿಸುತ್ತಿದ್ದೆ. ನಿಮಗೆ ಇಷ್ಟುದ್ದ ಬರೆಯಲು ಕಾರಣ ಇದೆ. ನಿಮ್ಮ ಲೇಖನದ ಮಧ್ಯೆ ಒಂದು ಸಾಲು ನನ್ನನ್ನು ಅಲ್ಲಾಡಿಸಿತು. ಆ ಸಾಲನ್ನು ನೀವು ದಾಟಿಕೊಂಡು ಹೋದ ರೀತಿ ನೋಡಿ ಸಿಟ್ಟೂ ಬಂತು.

ಮೊದಲು ನಿಮ್ಮ ಶುರುವಿನ ಸಾಲು ನೋಡೋಣ. “ಒಳಗೆ ಕಾಲಿಟ್ಟದ್ದೇ ತಡ, ಆ ದೈತ್ಯ ಮೃಗ ಬೇಟೆಗೆ ಹೊಂಚು ಹಾಕಿದಂತೆ ನನ್ನತ್ತ ನೋಡಿತು.” ಮೇಷ್ಟ್ರೇ, ನಿಮ್ಮ ಎದುರು ನಿಂತಿದ್ದು ಕೋಟಸಾರಸ್. ನೀವೇ ಹೆಸರು ಬರೆದಿದ್ದೀರಿ. ಅದು ಸೊಪ್ಪು ತಿನ್ನುವ ಪ್ರಾಣಿ. ಉದ್ದ ಕುತ್ತಿಗೆ, ಉದ್ದ ಬಾಲ, ಕಂಬದಂಥ ನಾಲ್ಕು ಕಾಲು. ಅದು ಯಾರ ಬೇಟೆಗೆ ಹೊಂಚು ಹಾಕಬೇಕು?

ಮುಂದಿನ ಸಾಲು: “ಅದರ ಗರ್ಜನೆ ನನ್ನ ಕಿವಿಯಲ್ಲಿ ಮೊಳಗಿತು.” ಆ ಗರ್ಜನೆ ನಿಮ್ಮ ಕಿವಿಗೆ ಬಂದಿದ್ದು ಮ್ಯೂಸಿಯಂನಿಂದ ಅಲ್ಲ, 1993ರ ‘ಜುರಾಸಿಕ್ ಪಾರ್ಕ್’ ಸಿನಿಮಾದಿಂದ. ಅದರಲ್ಲಿನ ಟಿ. ರೆಕ್ಸ್ ಎಂಬ ಮಾಂಸ ತಿನ್ನುವ ದೈತ್ಯ ಡೈನೋಸಾರ್‌ನ ಕೂಗನ್ನು ಮರಿ ಆನೆ, ಹುಲಿ, ಮೊಸಳೆ ಜಾತಿಯ ಪ್ರಾಣಿಯ ದನಿಗಳನ್ನು ಬೆರೆಸಿ ಸ್ಟುಡಿಯೋದಲ್ಲಿ ಮಾಡಿದರು. ಬಹಳ ಚೆನ್ನಾಗಿ ಮಾಡಿದರು, ಅದರಲ್ಲಿ ಎರಡು ಮಾತಿಲ್ಲ. ಡೈನೋಸಾರ್ ಹೇಗೆ ಕೂಗುತ್ತಿತ್ತು ಅಂತ ಕೇಳಿದವರು ಯಾರೂ ಇಲ್ಲ. ಹಾಗಾಗಿ ಇವತ್ತು ಜಗತ್ತಿನಲ್ಲಿ ಅರ್ಧ ಜನ ಮೂಳೆ ನೋಡಿದ ಕೂಡಲೇ ಆ ಸ್ಟುಡಿಯೋದ ದನಿಯನ್ನೇ ಕೇಳಿಸಿಕೊಳ್ಳುತ್ತಾರೆ. ಓದುಗರು ಹಾಗೆ ಕೇಳಿಸಿಕೊಂಡರೆ ತಪ್ಪಿಲ್ಲ. ಅಷ್ಟು ದೂರ ಹೋಗಿ ನಿಂತು ನೋಡಿ ಬಂದ ನೀವು ಕೇಳಿಸಿಕೊಳ್ಳಬಾರದು.

ಮೂರನೆಯದು ನೀವು ತುಂಬಾ ಇಷ್ಟಪಟ್ಟು ಬರೆದ ಸಾಲು ಅನ್ನಿಸುತ್ತದೆ. “ಅದರ ಖಾಲಿ ಕಣ್ಣಿನ ಗುಳಿಗಳಲ್ಲಿ ಕೋಟ್ಯಂತರ ವರ್ಷಗಳ ಹಸಿವನ್ನು ಕಂಡೆ.” ಆ ಪ್ರಾಣಿಯ ತಲೆಬುರುಡೆ ಸಿಕ್ಕೇ ಇಲ್ಲ, ಮೇಷ್ಟ್ರೇ. ಈಗಿನ ತೆಲಂಗಾಣದ ಯಮನ್‌ಪಲ್ಲಿ ಹತ್ತಿರ, ಗೋದಾವರಿ ಸೀಮೆಯಲ್ಲಿ, ಕನಿಷ್ಠ 12 ಪ್ರಾಣಿಗಳ ಮೂಳೆಗಳು ಬೆರೆತು ಸಿಕ್ಕವು. 1988ರಲ್ಲಿ ಅದಕ್ಕೆ ಕೋಟಸಾರಸ್ ಯಮನ್‌ಪಲ್ಲಿಯೆನ್ಸಿಸ್ ಎಂದು ಹೆಸರಿಟ್ಟರು. ಬೆನ್ನಿನ ಮೂಳೆ, ಕಾಲಿನ ಮೂಳೆ, ಸೊಂಟದ ಮೂಳೆ ಸಿಕ್ಕವು. ತಲೆಯ ಭಾಗದ್ದು ಎಂದರೆ ಎರಡು ಹಲ್ಲು ಮಾತ್ರ. ನೀವು ನೋಡಿದ ತಲೆ ಅದರದ್ದಲ್ಲ. ಅದರ ಬಂಧುಗಳ ತಲೆ ಹೇಗಿತ್ತು ಅಂತ ನೋಡಿ, ಲೆಕ್ಕ ಹಾಕಿ, ಮಾಡಿ ಇಟ್ಟಿದ್ದು. ಕಣ್ಣಿನ ಗುಳಿಯೂ ಮಾಡಿದ್ದೇ. ನೀವು ಹಸಿವು ಕಂಡ ಜಾಗದಲ್ಲಿ ಒಬ್ಬ ಮನುಷ್ಯನ ಕೈಕೆಲಸ ಇತ್ತು. ಒಂದೇ ಒಂದು ಬೆನ್ನುಮೂಳೆ ಹೇಗಿತ್ತು ಅಂತ ನೀವು ಎಲ್ಲೂ ಬರೆದಿಲ್ಲ. ಬಣ್ಣ ಏನು? ಬಿರುಕು ಇತ್ತಾ? ಕಬ್ಬಿಣದ ಸರಳು ಎಲ್ಲಿ ಹೊಕ್ಕು ಎಲ್ಲಿ ಹೊರಬಂದಿತ್ತು? ಇದ್ಯಾವುದೂ ಇಲ್ಲ. ಬರೀ ಹಸಿವು.

ಈಗ ನನ್ನನ್ನು ಅಲ್ಲಾಡಿಸಿದ ಸಾಲು. “ಪಕ್ಕದಲ್ಲಿ ನಿಂತಿದ್ದ ಏಳನೇ ಕ್ಲಾಸಿನ ಹುಡುಗಿ, ಇದು ನಿಜವಾದ ಮೂಳೆನಾ ಸಾರ್ ಎಂದು ಕೇಳಿದಳು. ನಾನು ಹೂಂ ಎಂದೆ. ನನ್ನ ಮನಸ್ಸು ಆಗಲೇ ಜುರಾಸಿಕ್ ಲೋಕದಲ್ಲಿ ಅಲೆಯುತ್ತಿತ್ತು.”

ಇಡೀ ಲೇಖನ ಆ ಹುಡುಗಿಯ ಬಾಯಲ್ಲಿತ್ತು. ನೀವು ಹೂಂ ಅಂದುಬಿಟ್ಟಿರಿ.

ಅವಳು ಕೇಳಿದ್ದು ಮ್ಯೂಸಿಯಂ ಒಳಗೆ ಯಾರಾದರೂ ಕೇಳಬೇಕಾದ ಮೊದಲ ಪ್ರಶ್ನೆ. ಅದಕ್ಕೆ ಹೂಂ ಅನ್ನೋದು ಅರ್ಧ ಉತ್ತರ ಅಷ್ಟೇ. ಪಳೆಯುಳಿಕೆ ಅಂದರೆ ಮೂಳೆಯ ಆಕಾರ ಉಳಿಸಿಕೊಂಡ ಕಲ್ಲು. ಮಣ್ಣಿನಡಿ ನೀರು ಇಳಿದು ಇಳಿದು, ಅದರಲ್ಲಿನ ಖನಿಜ ಮೂಳೆಯ ಸಣ್ಣ ಸಣ್ಣ ಸಂದುಗಳಲ್ಲಿ ಕೂತು, ಕೋಟಿ ಕೋಟಿ ವರ್ಷಕ್ಕೆ ಕಲ್ಲಿನ ತೂಕ ಬರುತ್ತದೆ. ಆ ತೂಕದಿಂದಲೇ ಮ್ಯೂಸಿಯಂಗಳಿಗೆ ಕಷ್ಟ. ಅಮೆರಿಕದ ಶಿಕಾಗೋದ ಫೀಲ್ಡ್ ಮ್ಯೂಸಿಯಂನಲ್ಲಿ ‘ಸೂ’ ಎಂಬ ಟಿ. ರೆಕ್ಸ್ ಇದೆ. 1990ರಲ್ಲಿ ಸಿಕ್ಕಿದ್ದು, ಹೆಚ್ಚುಕಡಿಮೆ ಶೇ. 90ರಷ್ಟು ಪೂರ್ತಿ. ಅದರ ಅಸಲಿ ತಲೆಬುರುಡೆ 270 ಕೆಜಿಯಷ್ಟು ಭಾರ. ಅಸ್ಥಿಪಂಜರದ ಮೇಲೆ ಕೂರಿಸಲು ಆಗುವುದಿಲ್ಲ. ಅದನ್ನು ಬೇರೆ ಗಾಜಿನ ಪೆಟ್ಟಿಗೆಯಲ್ಲಿಟ್ಟು ಮೇಲೆ ನಕಲು ತಲೆ ಇಟ್ಟಿದ್ದಾರೆ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ‘ಡಿಪ್ಪಿ’ ಎಂಬ ಡೈನೋಸಾರ್ ಅಸ್ಥಿಪಂಜರವಂತೂ 1905ರಲ್ಲಿ ತಂದು ನಿಲ್ಲಿಸಿದ ಪ್ಲಾಸ್ಟರ್ ಎರಕ. ದೊಡ್ಡ ಹಜಾರದಿಂದ 2017ರಲ್ಲಿ ತೆಗೆಯುವವರೆಗೆ ಎಷ್ಟೋ ಮಕ್ಕಳು ಅದರ ಕೆಳಗೆ ನಿಂತು ಬಾಯಿ ಬಿಟ್ಟುಕೊಂಡು ನೋಡಿದರು. ಅವರಲ್ಲೂ ಎಷ್ಟು ಜನ ನಿಮ್ಮ ಹುಡುಗಿಯ ಹಾಗೇ ಕೇಳಿರಬಹುದು!

ಇನ್ನೊಂದು ವಿಷಯಕ್ಕೆ ಹೆಚ್ಚು ನೋವಾಯಿತು. “ವೆಲೋಸಿರ್ಯಾಪ್ಟರ್ ಆಳೆತ್ತರದ ಕ್ರೂರ ಪ್ರಾಣಿ ಎಂದು ಮಕ್ಕಳಿಗೆ ವಿವರಿಸಿದೆ” ಎಂದು ಬರೆದಿದ್ದೀರಿ. ಅದು ಸಿನಿಮಾದ ವೆಲೋಸಿರ್ಯಾಪ್ಟರ್. ಅದನ್ನು ಡೈನೋನಿಕಸ್ ಎಂಬ ಬೇರೆ, ದೊಡ್ಡ ಪ್ರಾಣಿಯನ್ನು ನೋಡಿ ಮಾಡಿದರು, ಇನ್ನಷ್ಟು ಎತ್ತರಿಸಿದರು. ಅಸಲಿ ವೆಲೋಸಿರ್ಯಾಪ್ಟರ್ ಮಂಗೋಲಿಯಾದ ಮರುಭೂಮಿಯಲ್ಲಿ 1923ರಲ್ಲಿ ಸಿಕ್ಕಿತು. ಸೊಂಟದ ಹತ್ತಿರ ಎತ್ತರ ಅರ್ಧ ಮೀಟರ್ ಅಷ್ಟೇ. ನಿಮ್ಮ ಮಂಡಿಯ ಹತ್ತಿರ ಬರುತ್ತಿತ್ತು. ತೂಕ 15–20 ಕೆಜಿ. 2007ರಲ್ಲಿ ಅದರ ಮುಂಗೈ ಮೂಳೆಯ ಮೇಲೆ ಸಾಲಾಗಿ ಸಣ್ಣ ಗುಬುಟುಗಳನ್ನು ಗುರುತಿಸಿದರು. ಹಕ್ಕಿಗಳಲ್ಲಿ ದೊಡ್ಡ ಗರಿ ಬೇರೂರುವ ಜಾಗದಲ್ಲಿ ಅಂಥದ್ದೇ ಗುಬುಟು ಇರುತ್ತವೆ. ಅಂದರೆ ಅದಕ್ಕೆ ಗರಿ ಇತ್ತು. ಮಂಡಿಯೆತ್ತರದ, ಗರಿ ಇದ್ದ, ಉಗುರು ಕುಡುಗೋಲಿನಂತೆ ಬಾಗಿದ್ದ ಒಂದು ಪ್ರಾಣಿ! ಇದನ್ನು ಕೇಳಿದ್ದರೆ ನಿಮ್ಮ ಮಕ್ಕಳು ಬಸ್ಸಿನಲ್ಲಿ ಊರು ಬರುವವರೆಗೂ ಅದನ್ನೇ ಮಾತಾಡುತ್ತಿದ್ದರು. ಮೇಷ್ಟ್ರು ಹೇಳಿದ್ದನ್ನು ಮಕ್ಕಳು ನಲವತ್ತು ವರ್ಷ ನೆನಪಿಟ್ಟುಕೊಳ್ಳುತ್ತಾರೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಸಿನಿಮಾ ಮೇಲೆ ನನಗೆ ದ್ವೇಷ ಇದೆ ಅಂದುಕೊಳ್ಳಬೇಡಿ. ಆ ಸಿನಿಮಾ ದಾವಣಗೆರೆ ಟಾಕೀಸಿಗೆ ಬಂದಾಗ ಎರಡು ಸಲ ನೋಡಿದವನು ನಾನು. ಆಗ ಒಂದು ಸಣ್ಣ ಪತ್ರಿಕೆಯಲ್ಲಿ ಕೆಲಸ ಕಲಿಯುತ್ತಿದ್ದೆ. ಮಂಡಕ್ಕಿ ಭಟ್ಟಿಗಳ ಬಗ್ಗೆ ಬರೆದುಕೊಂಡು ಬಾ ಎಂದು ಸಂಪಾದಕರು ಕಳಿಸಿದರು. ನಾನು ಹೋದೆ, ಬಾಗಿಲಲ್ಲಿ ಹತ್ತು ನಿಮಿಷ ನಿಂತೆ, ಬಂದೆ. “ಬೆಂಕಿಯ ರಾಕ್ಷಸ ಬಾಯಿ ತೆರೆದು ನಿಂತಿದ್ದ” ಎಂದು ಶುರು ಮಾಡಿದೆ. ಟಾಕೀಸಿನ ಕತ್ತಲು, ಸದ್ದು ಎಲ್ಲ ಇನ್ನೂ ತಲೆಯಲ್ಲಿತ್ತು. ಸಂಪಾದಕರು ಒಂದು ಪುಟ ಓದಿ ಕನ್ನಡಕ ತೆಗೆದರು. “ಅಕ್ಕಿ ಉಬ್ಬೋದು ಹೆಂಗಪ್ಪ?” ಅಂದರು. ನನಗೆ ಗೊತ್ತಿರಲಿಲ್ಲ. “ಬೆಂಕಿ ಮ್ಯಾಲೆ ಅಕ್ಕಿ ಹಾಕ್ತಾರೇನು?” ನಾನು ಹೌದು ಅಂದೆ. ಅವರು ಬೈಯಲಿಲ್ಲ. ಹಾಳೆ ಮಡಿಚಿ ನನ್ನ ಜೇಬಿಗೇ ಇಟ್ಟರು. “ನಾಳೆ ನಸುಕಿಗೆ ಹೋಗು, ಕುಂತು ನೋಡ್ಕಂಡು ಬಾ.”

ಮರುದಿನ ನಾಲ್ಕು ಗಂಟೆಗೆ ಹೋಗಿ ಮೂಲೆಯಲ್ಲಿ ಕೂತೆ. ಬಾಣಲೆಯಲ್ಲಿ ಇದ್ದದ್ದು ಅಕ್ಕಿ ಅಲ್ಲ, ಮರಳು. ಕಾದು ಕಾದು ಕಪ್ಪಾದ ಮರಳು. ಹುರಿಯುವವನು ಮೊದಲು ನಾಲ್ಕು ಕಾಳು ಎಸೆದು ನೋಡಿದ. ಕಾಳು ಸುಮ್ನೆ ಬಿದ್ದಿತ್ತು. ಒಲೆಗೆ ಇನ್ನಷ್ಟು ಹೊಟ್ಟು ತಳ್ಳಿದ. ಮತ್ತೆ ನಾಲ್ಕು ಕಾಳು. ಈ ಸಲ ಬಿದ್ದ ಕೂಡಲೇ ಚಿಟಿಚಿಟಿ ಅಂದವು. ಆಮೇಲೆ ಉಪ್ಪುನೀರು ಸವರಿದ ಅಕ್ಕಿ ಸುರಿದ. ತಗಡಿನ ಮೇಲೆ ಮಳೆ ಬಿದ್ದ ಹಾಗೆ ಸದ್ದು. ನಾನು ಹತ್ತು ಎಣಿಸುವುದರೊಳಗೆ ಬಾಣಲೆ ಬೆಳ್ಳಗಾಯಿತು. ಜರಡಿಗೆ ಹಾಕಿ ಅಲ್ಲಾಡಿಸಿದ. ಮರಳು ವಾಪಸ್ ಬಾಣಲೆಗೆ, ಮಂಡಕ್ಕಿ ಈ ಕಡೆ. ಅವನ ಬಲಗೈಯಲ್ಲಿ ಮೊಣಕೈವರೆಗೆ ಒಂದು ಕೂದಲೂ ಇರಲಿಲ್ಲ, ಎಲ್ಲ ಸುಟ್ಟು ಹೋಗಿತ್ತು. ನಾನು ಹುಟ್ಟಿ ಬೆಳೆದ ಊರು, ದಿನಾ ಸಂಜೆ ತಿನ್ನುವ ಮಂಡಕ್ಕಿ, ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ರಾಕ್ಷಸನ ಮಾತು ಆಮೇಲೆ ಬರೆಯಲು ಕೈ ಬರಲಿಲ್ಲ. ನಿಮ್ಮ “ಹಸಿವು” ಓದಿದಾಗ ಜೇಬಿನಲ್ಲಿ ಆ ಮಡಿಚಿದ ಹಾಳೆ ಮತ್ತೆ ಇದ್ದ ಹಾಗಾಯಿತು.

ಈಗ ನಿಮ್ಮ ಕೊನೆಯ ಪ್ಯಾರಾ. “ನಮ್ಮ ಏಳುಸುತ್ತಿನ ಕೋಟೆಯ ಬಂಡೆಗಳ ಅಡಿಯಲ್ಲೂ ಯಾವುದೋ ಡೈನೋಸಾರ್ ಮಲಗಿರಬಹುದು. ಅಗೆಯುವವರಿಲ್ಲ ಅಷ್ಟೇ.” ಇದನ್ನು ಓದಿ ಎದ್ದು ಒಂದು ಸುತ್ತು ನಡೆದು ಬಂದೆ. ಚಿತ್ರದುರ್ಗದವರೇ ಹೀಗೆ ಬರೆದರೆ ಹೇಗೆ?

ಕೋಟೆ ಬೆಟ್ಟದ ಗ್ರಾನೈಟ್ 250 ಕೋಟಿ ವರ್ಷಕ್ಕೂ ಹಳೆಯದು. ಭೂಮಿಯ ಒಳಗೆ ಕರಗಿದ್ದ ಕಲ್ಲು ನಿಧಾನವಾಗಿ ಆರಿ ಗಟ್ಟಿಯಾಗಿದ್ದು. ಡೈನೋಸಾರ್‌ಗಳು ಕಾಣಿಸಿಕೊಂಡಿದ್ದು ಸುಮಾರು 23 ಕೋಟಿ ವರ್ಷದ ಹಿಂದೆ. ಮುಗಿದುಹೋಗಿದ್ದು, ಹಕ್ಕಿಗಳನ್ನು ಬಿಟ್ಟು, 6.6 ಕೋಟಿ ವರ್ಷದ ಹಿಂದೆ. ಅಂಕಿ ಬಿಡಿ, ರಸ್ತೆ ಲೆಕ್ಕ ಹಾಕೋಣ. ನಿಮ್ಮ ಊರಿನಿಂದ ನಮ್ಮ ಊರಿಗೆ 60 ಕಿ.ಮೀ. ಇದೆ. ಆ 250 ಕೋಟಿ ವರ್ಷವನ್ನು ಈ ರಸ್ತೆ ಮೇಲೆ ಹಾಸಿ ನಡೆಯುತ್ತಾ ಬನ್ನಿ. ಭರಮಸಾಗರ ದಾಟುತ್ತೀರಿ, ಡೈನೋಸಾರ್ ಇಲ್ಲ. ಆನಗೋಡು ದಾಟುತ್ತೀರಿ, ಆಗಲೂ ಇಲ್ಲ. ದಾವಣಗೆರೆ ಇನ್ನು ಐದೂವರೆ ಕಿ.ಮೀ. ಇದೆ ಅನ್ನುವಾಗ ಮೊದಲ ಡೈನೋಸಾರ್ ಸಿಗುತ್ತದೆ. ಒಂದೂವರೆ ಕಿ.ಮೀ. ಉಳಿದಿರುವಾಗ ಕೊನೆಯದು. ನಮ್ಮಂಥ ಮನುಷ್ಯರು ಬರುವುದು ಕೊನೆಯ ಹತ್ತು ಹೆಜ್ಜೆಯಲ್ಲಿ. ನಿಮ್ಮ ಕೋಟೆಯ ಬಂಡೆ ಹೊರಟಾಗಿನಿಂದ ಅಲ್ಲೇ ಇದೆ!

ಡೈನೋಸಾರ್ ನಿಮ್ಮ ಬೆಟ್ಟದ ಮೇಲೆ ಓಡಾಡಿದ್ದರೂ ಓಡಾಡಿರಬಹುದು. ಆದರೆ ಮೂಳೆ ಉಳಿಯಬೇಕಾದರೆ ಅದನ್ನು ಆಗಲೇ ಮರಳೋ ಕೆಸರೋ ಮುಚ್ಚಬೇಕು, ಆ ಪದರ ಕಲ್ಲಾಗಬೇಕು, ಇವತ್ತಿನವರೆಗೆ ಸವೆಯದೆ ಇರಬೇಕು. ಯಮನ್‌ಪಲ್ಲಿಯಲ್ಲಿ ಅಂಥ ಪದರ ಉಳಿದಿದೆ. ಜಬಲ್ಪುರದಲ್ಲಿದೆ, ಗುಜರಾತಿನ ರೈಯೋಲಿಯಲ್ಲಿದೆ. ಕೋಟೆಯ ಸುತ್ತ ಆ ಕಾಲದ ಪದರ ಇಲ್ಲ. ಎಷ್ಟು ಅಗೆದರೂ ಸಿಗುವುದು ಇನ್ನೂ ಹಳೆಯ ಕಲ್ಲೇ.

ನಿಮ್ಮಲ್ಲಿ ಏನಿದೆ ಗೊತ್ತಾ? ಮರಡಿಹಳ್ಳಿಯಲ್ಲಿ ದಿಂಬಿನ ಹಾಗೆ ಒಂದರ ಮೇಲೊಂದು ಒತ್ತಿಕೊಂಡು ಬಿದ್ದಿರುವ ಕಲ್ಲುಗಳಿವೆ. ಸಮುದ್ರದ ತಳದಲ್ಲಿ ಲಾವಾ ಉಕ್ಕಿ, ನೀರು ತಾಗಿದ ಕೂಡಲೇ ಹೊರಗಿನ ಸಿಪ್ಪೆ ಗಟ್ಟಿಯಾಗಿ, ಒಳಗಿನದು ಮತ್ತೆ ಒಡೆದುಕೊಂಡು ಬಂದು ಇನ್ನೊಂದು ದಿಂಬಾಗಿ ಆದ ರಾಶಿ ಅದು. ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದ್ದಾರೆ. ಬೆರಳಿನಿಂದ ಮುಟ್ಟಿ ಒಂದೊಂದು ದಿಂಬಿನ ಅಂಚು ಹಿಡಿದು ಸುತ್ತಬಹುದು. ಮೇಲಿನ ಮೈ ಉಬ್ಬಿರುತ್ತದೆ, ಕೆಳಗಿನದು ಅಡಿಯಲ್ಲಿರುವ ದಿಂಬುಗಳ ಸಂದಿಗೆ ಇಳಿದಿರುತ್ತದೆ. ಚಿತ್ರದುರ್ಗದಲ್ಲಿ ಸಮುದ್ರ ಇತ್ತು ಎನ್ನುವುದಕ್ಕೆ ಸಾಕ್ಷಿ ಅದು, ಮೇಷ್ಟ್ರೇ. ಆ ದಿಂಬುಗಳಿರುವ ಹಳೆಯ ಕಲ್ಲಿನ ಪಟ್ಟಿಯಲ್ಲೇ ಸೇರಿದ ಸುಣ್ಣದ ಕಲ್ಲುಗಳಲ್ಲಿ, ಕಣ್ಣಿಗೆ ಕಾಣದ ಜೀವಿಗಳು ಪದರ ಪದರವಾಗಿ ಕಟ್ಟಿಟ್ಟ ಸ್ಟ್ರೊಮ್ಯಾಟೊಲೈಟ್ ಗುರುತುಗಳೂ ಇವೆ. ಡೈನೋಸಾರ್‌ಗಳಿಗೆ ಇನ್ನೂ 200 ಕೋಟಿ ವರ್ಷ ಬಾಕಿ ಇದ್ದಾಗಿನ ಜೀವದ ಗುರುತು ಅದು. ಟೀವಿಯಲ್ಲಿ ಅದನ್ನು ತೋರಿಸಲಿಲ್ಲ ಅಂತ ನಮ್ಮ ಮಕ್ಕಳಿಗೆ ಅದು ಗೊತ್ತಿಲ್ಲದೆ ಹೋಗಬೇಕಾ?

ನಿಮ್ಮ ಉಳಿದ ಪುಟಗಳ ಬಗ್ಗೆ ಏನೂ ಹೇಳುವುದಿಲ್ಲ. ಹೋಟೆಲಿನ ಊಟ, ಚಾರ್‌ಮಿನಾರ್, ರಾತ್ರಿ ಕೆಟ್ಟ ಬಸ್ಸು ಎಲ್ಲ ನೀವೇ ಕತ್ತರಿಸಿ. ಲೇಖನ ಆ ಹುಡುಗಿಯ ಪ್ರಶ್ನೆಯಿಂದ ಶುರುವಾಗಲಿ. ನೀವು ಹೂಂ ಅಂದಿದ್ದನ್ನೂ ಬರೆಯಿರಿ, ಮುಚ್ಚಿಡಬೇಡಿ. ಆಮೇಲೆ ಶಾಲೆಗೆ ಹೋಗಿ ಅವಳನ್ನು ಕರೆದು ಅರ್ಧಕ್ಕೆ ಬಿಟ್ಟ ಉತ್ತರ ಪೂರ್ತಿ ಮಾಡಿ. ತಲೆ ಅವಳಿಗೆ ಅಸಲಿ ಅನ್ನಿಸಿತ್ತಾ, ಹೇಳಿದಾಗ ಏನಂದಳು, ಅದು ನನಗೆ ಬೇಕು. ಸಿನಿಮಾವನ್ನೂ ಬಿಡಬೇಡಿ, ಅವಳೂ ನೋಡಿರುತ್ತಾಳೆ.

ಯುಗಾದಿ ಸಂಚಿಕೆಗೆ ನಾಲ್ಕು ಪುಟ ಹಿಡಿದಿಟ್ಟಿದ್ದೇನೆ. ಮಕ್ಕಳನ್ನು ಮರಡಿಹಳ್ಳಿಗೆ ಕರೆದುಕೊಂಡು ಹೋಗುವುದಾದರೆ ಎರಡು ದಿನ ಮೊದಲು ಫೋನ್ ಮಾಡಿ. ಬೆಳಿಗ್ಗೆ ಮೊದಲ ಬಸ್ಸಿಗೆ ನಾನೂ ಬರುತ್ತೇನೆ. ಮಂಡಕ್ಕಿ ಕಟ್ಟಿಸಿಕೊಂಡು ಬರುತ್ತೇನೆ.

ನಿಮ್ಮ,
ಸಂಪಾದಕ
ದಾವಣಗೆರೆ