ಆ ಸನ್ಯಾಸಿನಿ ಡ್ಯೂಕನ ಮೊದಲ ಹೆಂಡತಿ

ಜರ್ಮನಿಯ ಕೋಬುರ್ಗ್‌ನ ಡ್ಯೂಕ್ ಯೋಹಾನ್ ಕಾಸಿಮಿರ್‌ನ ನಾಣ್ಯದಲ್ಲಿ ಒಂದು ಕಡೆ ಮುತ್ತಿಡುವ ಜೋಡಿ, ಇನ್ನೊಂದು ಕಡೆ ಸನ್ಯಾಸಿನಿ ಯಾಕೆ ಅಂತ ಕೇಳಿದ್ದೀರಲ್ಲ, ಅದು ಸ್ವಲ್ಪ ಹೊಟ್ಟೆ ಉರಿಸುವ ಕಥೆ.

1586ರಲ್ಲಿ ಆತ ಸ್ಯಾಕ್ಸನಿಯ ಎಲೆಕ್ಟರ್ (ಚಕ್ರವರ್ತಿಯನ್ನು ಆರಿಸುವ ಹಕ್ಕಿದ್ದ ಅರಸ) ಆಗಸ್ಟ್‌ನ ಮಗಳು ಆನಾಳನ್ನು ಮದುವೆಯಾದ. ಅವಳಿಗೆ ಆಗ 18. ಗಂಡನಿಗೋ ಬೇಟೆಯ ಹುಚ್ಚು, ಮನೆಯಲ್ಲಿ ನಿಲ್ಲುತ್ತಿದ್ದದ್ದೇ ಕಡಿಮೆ. ಆನಾಳಿಗೆ ಆಸ್ಥಾನದ ಉಲ್ರಿಷ್ ಫಾನ್ ಲಿಖ್ಟೆನ್‌ಸ್ಟೈನ್ ಜೊತೆ ಸಂಬಂಧ ಬೆಳೆಯಿತು. 1593ರಲ್ಲಿ ಅದು ಬಯಲಾಗಿ ವಿಚ್ಛೇದನವಾಯಿತು. ಇಬ್ಬರಿಗೂ ಮರಣದಂಡನೆ ಅಂತ ತೀರ್ಪು ಬಂತು, ಡ್ಯೂಕ್ ಅದನ್ನು ಜೀವಾವಧಿ ಸೆರೆಗೆ ಇಳಿಸಿದ. ಆನಾಳನ್ನು ಕೆಲವು ವರ್ಷ ಇಟ್ಟಿದ್ದು ಜೋನ್ನೆಫೆಲ್ಡ್‌ನ ಹಳೆಯ ಕನ್ಯಾಮಠದಲ್ಲಿ. ಸನ್ಯಾಸಿನಿ ಎಲ್ಲಿಂದ ಬಂದಳು ಅಂತ ಗೊತ್ತಾಯ್ತಲ್ವಾ?

1599ರಲ್ಲಿ ಆತ ಬ್ರೌನ್‌ಶ್ವೈಗ್-ಲೂನೆಬುರ್ಗ್‌ನ ಮಾರ್ಗರೆಟೆಯನ್ನು ಕಟ್ಟಿಕೊಂಡ. ಆ ಸಂದರ್ಭಕ್ಕೇ ಈ ನಾಣ್ಯ ಅಂತಾರೆ. ಜೋಡಿಯ ಕಡೆ ‘ಇವರಿಬ್ಬರು ಎಷ್ಟು ಚೆಂದ ಮುತ್ತಿಡುತ್ತಾರೆ’, ಇನ್ನೊಂದು ಕಡೆ ‘ಬಡ ಸನ್ಯಾಸಿನಿ ನನಗೆ ಮುತ್ತಿಡೋರ್ಯಾರು’ ಎಂಬ ಬರಹ. ಸೆರೆಯಲ್ಲಿರುವವಳನ್ನು ಹೀಗೆ ಆಡಿಕೊಳ್ಳೋದು ನನಗಂತೂ ಸಣ್ಣತನ ಅನ್ನಿಸುತ್ತೆ.

ಆನಾ 1613ರಲ್ಲಿ ಕೋಬುರ್ಗ್ ಕೋಟೆಯಲ್ಲಿ ಸೆರೆಯಲ್ಲೇ ತೀರಿಕೊಂಡಳು. ಎರಡನೇ ಮದುವೆಯಲ್ಲೂ ಮಕ್ಕಳಾಗಲಿಲ್ಲ. 1633ರಲ್ಲಿ ಆತ ಸತ್ತಾಗ ರಾಜ್ಯ ತಮ್ಮ ಯೋಹಾನ್ ಎರ್ನ್‌ಸ್ಟ್‌ಗೆ ಹೋಯಿತು.