ಆಪ್ತ ಸಲಹೆ: ಈ ಬಡ್ತಿ ಮೇಲಕ್ಕೋ, ಪಕ್ಕಕ್ಕೋ?

ಪ್ರಶ್ನೆ: ನನಗೆ 41 ವರ್ಷ. ದೊಡ್ಡ ತಯಾರಿಕಾ ಕಂಪನಿಯೊಂದರ ಮಾರಾಟ ವಿಭಾಗದಲ್ಲಿ 16 ವರ್ಷಗಳಿಂದ ದುಡಿಯುತ್ತಿದ್ದೇನೆ. ಕಳೆದ 6 ವರ್ಷಗಳಿಂದ ಒಂದು ಇಡೀ ವಲಯದ ಹೊಣೆ ನನ್ನದು. ನಮ್ಮ ಹಿರಿಯ ಅಧಿಕಾರಿಗಳಲ್ಲಿ ಮಹಿಳೆಯರು ಇಬ್ಬರೇ. ನನ್ನಂತೆ ಅಲ್ಪಸಂಖ್ಯಾತ ಸಮುದಾಯದಿಂದ ಬಂದವರು ಒಬ್ಬರೂ ಇಲ್ಲ. ಮುಂದಿನ ವರ್ಷ ನಮ್ಮ ವ್ಯವಹಾರ ವಿಭಾಗದ ಮುಖ್ಯಸ್ಥರು ನಿವೃತ್ತರಾಗುತ್ತಾರೆ. ಆ ಸ್ಥಾನಕ್ಕೆ ನನ್ನ ಹೆಸರು ಬರಬಹುದೆಂದು ಕಾಯುತ್ತಿದ್ದೆ. ಆದರೆ ಕಳೆದ ವಾರ ವ್ಯವಸ್ಥಾಪಕ ನಿರ್ದೇಶಕರು ಕರೆದು, ಎಲ್ಲರಿಗೂ ಸಮಾನ ಅವಕಾಶ ಸಿಗುವಂತೆ ನೋಡಿಕೊಳ್ಳುವ ಹೊಸ ವಿಭಾಗವೊಂದನ್ನು ತೆರೆಯುತ್ತಿದ್ದೇವೆ, ಅದನ್ನು ನೀವೇ ನಡೆಸಬೇಕು ಎಂದರು. ಉಪಾಧ್ಯಕ್ಷೆ ಎಂಬ ಪದನಾಮ, ಹೆಚ್ಚಿನ ಸಂಬಳ. ಮನೆಯವರಿಗೆಲ್ಲ ಸಂತೋಷ, ನನಗೆ ಮಾತ್ರ ಏನೋ ಕೈತಪ್ಪುತ್ತಿದೆ ಅನ್ನಿಸುತ್ತಿದೆ. ನಾನು ಬೇಡವೆಂದರೆ, ನನ್ನ ಹಿಂದೆ ಬರುತ್ತಿರುವ ಹೆಣ್ಣುಮಕ್ಕಳಿಗೆ, ನಮ್ಮ ಸಮುದಾಯದ ಕಿರಿಯರಿಗೆ ದ್ರೋಹ ಮಾಡಿದಂತಾಗುವುದಿಲ್ಲವೇ?
– ಹೆಸರು ಬೇಡ

ಉತ್ತರ: ಪ್ರಿಯ ಸಹೋದರಿ,

ನಿಮ್ಮ ಪತ್ರದ ಕೊನೆಯ ಸಾಲಿನಲ್ಲಿರುವ ದ್ರೋಹ ಎಂಬ ಶಬ್ದವನ್ನು ಮೊದಲು ತೆಗೆದುಹಾಕೋಣ. ಇದೇ ಹುದ್ದೆಯನ್ನು ನಿಮ್ಮ ಸರೀಕರಾದ ಪುರುಷ ಅಧಿಕಾರಿಯೊಬ್ಬರಿಗೆ ಕೊಟ್ಟಿದ್ದು ಅವರು ಒಲ್ಲೆನೆಂದಿದ್ದರೆ, ಮಾರಾಟದಲ್ಲಿ ಪಳಗಿದವರು ಮಾರಾಟದಲ್ಲೇ ಬೆಳೆಯಬಯಸುವುದು ಸಹಜವೆಂದು ಅಲ್ಲಿಗೇ ಮಾತು ಮುಗಿಯುತ್ತಿತ್ತು. ಅವರ ರಾತ್ರಿಯ ನಿದ್ದೆ ಕೆಡುತ್ತಿರಲಿಲ್ಲ. ನಿಮಗೆ ಮಾತ್ರ, ಹುದ್ದೆಯ ಜೊತೆಗೆ ಇಡೀ ಸಮುದಾಯದ ಋಣವನ್ನೂ ತಲೆಯ ಮೇಲೆ ಹೊರಿಸಲಾಗಿದೆ.

ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ: ಈಗ ಕೊಟ್ಟಿರುವ ರೂಪದಲ್ಲಿ ಆ ಹುದ್ದೆಯನ್ನು ಒಪ್ಪಿಕೊಳ್ಳಬೇಡಿ. ಏನೋ ಕೈತಪ್ಪುತ್ತಿದೆ ಎಂಬ ನಿಮ್ಮ ಅನಿಸಿಕೆ ಸರಿಯಾಗಿಯೇ ಇದೆ.

ಕಂಪನಿಗಳಲ್ಲಿ ಹಣ ತರುವ ಹುದ್ದೆಗಳಿರುತ್ತವೆ, ಹಣ ತರುವವರಿಗೆ ಒತ್ತಾಸೆಯಾಗಿ ನಿಲ್ಲುವ ಹುದ್ದೆಗಳಿರುತ್ತವೆ. ಎರಡಕ್ಕೂ ಬುದ್ಧಿ ಬೇಕು, ಶ್ರಮ ಬೇಕು. ಆದರೆ ಆಡಳಿತ ಮಂಡಳಿಯು ಮುಂದಿನ ವ್ಯವಸ್ಥಾಪಕ ನಿರ್ದೇಶಕರನ್ನು ಹುಡುಕುವಾಗ, ಲಾಭ ನಷ್ಟದ ಲೆಕ್ಕಕ್ಕೆ ತಾವೇ ಉತ್ತರ ಕೊಟ್ಟು ಬೆಳೆದವರು ಯಾರಿದ್ದಾರೆ ಎಂದು ನೋಡುತ್ತದೆಯೇ ಹೊರತು, ಬಾಗಿಲ ಮೇಲಿನ ಫಲಕದಲ್ಲಿ ಏನು ಬರೆದಿದೆ ಎಂದು ನೋಡುವುದಿಲ್ಲ. ಅಮೆರಿಕದಲ್ಲಿ 1991ರ ನಾಗರಿಕ ಹಕ್ಕುಗಳ ಕಾಯ್ದೆಯಡಿ ರಚನೆಯಾದ, ಮಹಿಳೆಯರನ್ನೂ ಅಲ್ಪಸಂಖ್ಯಾತರನ್ನೂ ಮೇಲೇರದಂತೆ ತಡೆಯುವ ಕಣ್ಣಿಗೆ ಕಾಣದ ಅಡ್ಡಿಗಳನ್ನು ಪರಿಶೀಲಿಸಿದ ‘ಗಾಜಿನ ಛಾವಣಿ ಆಯೋಗ’ವು 1995ರ ತನ್ನ ವರದಿಯಲ್ಲಿ ಇದನ್ನೇ ಗುರುತಿಸಿತ್ತು: ಮಧ್ಯಮ ಹಂತಕ್ಕೆ ಏರಿದ ಮಹಿಳೆಯರೂ ಅಲ್ಪಸಂಖ್ಯಾತರೂ ಬಹುಪಾಲು ಸಿಬ್ಬಂದಿ ವಿಭಾಗ, ಸಾರ್ವಜನಿಕ ಸಂಪರ್ಕ, ಸಮಾನ ಅವಕಾಶದ ವಿಭಾಗ ಇಂಥ ಕಡೆಗಳಲ್ಲೇ ಸೇರಿಕೊಂಡಿದ್ದರು, ಅಲ್ಲಿಂದ ತುತ್ತತುದಿಗೆ ಏರಿದವರು ತೀರ ವಿರಳ.

ನಿಮ್ಮ ಪತ್ರ ಓದುವಾಗ ನನಗೆ ನೆನಪಾದದ್ದು ಷರಾನ್ ಕಾಲಿನ್ಸ್ ಎಂಬ ಸಮಾಜಶಾಸ್ತ್ರಜ್ಞೆಯ ಅಧ್ಯಯನ. ಅವರು 1986ರಲ್ಲಿ ಷಿಕಾಗೋದ ದೊಡ್ಡ ಕಂಪನಿಗಳಲ್ಲಿದ್ದ 76 ಮಂದಿ ಕಪ್ಪು ಜನಾಂಗದ ಉನ್ನತ ಅಧಿಕಾರಿಗಳನ್ನು ಮಾತನಾಡಿಸಿದರು. 1960 ಮತ್ತು 70ರ ದಶಕಗಳಲ್ಲಿ, ನಾಗರಿಕ ಹಕ್ಕುಗಳ ಹೋರಾಟದ ಮತ್ತು ಸರ್ಕಾರದ ಒತ್ತಡವಿದ್ದಾಗ, ಅವರಲ್ಲಿ ಹಲವರನ್ನು ವ್ಯವಹಾರದ ಮುಖ್ಯ ಕೆಲಸಗಳಿಂದ ಎತ್ತಿ, ಸಮಾನ ಅವಕಾಶದ ಅಥವಾ ಸಮುದಾಯ ಸಂಪರ್ಕದ ವಿಭಾಗಗಳಿಗೆ ಮುಖ್ಯಸ್ಥರನ್ನಾಗಿ ಮಾಡಲಾಗಿತ್ತು. ಕರೆದವರು ಕಂಪನಿಯ ಹಿರಿಯರೇ. ಸಂಬಳವೂ ಪದನಾಮವೂ ಗೌರವದವೇ. ಆ ಕೆಲಸವನ್ನು ಅವರು ಮನಸ್ಸಿಟ್ಟು ಮಾಡಿದರು. ಆದರೆ 1980ರ ದಶಕದಲ್ಲಿ ಹೊರಗಿನ ಒತ್ತಡ ಸಡಿಲವಾದಂತೆ ಆ ವಿಭಾಗಗಳಿಗೆ ಬೆಲೆ ಇಳಿಯಿತು. ಮತ್ತೆ ಮುಖ್ಯ ವ್ಯವಹಾರಕ್ಕೆ ಹೋಗೋಣವೆಂದರೆ, ಅಷ್ಟು ವರ್ಷ ಅಲ್ಲಿಂದ ದೂರವಿದ್ದುದೇ ಅವರಿಗೆ ಅಡ್ಡಿಯಾಯಿತು. ಅವರನ್ನು ಹಿಡಿದು ನಿಲ್ಲಿಸಿದ್ದು ಅಸಾಮರ್ಥ್ಯವಲ್ಲ, ಹಿಂದೊಮ್ಮೆ ಬಡ್ತಿಯೆಂದು ಸಂತೋಷದಿಂದ ಸ್ವೀಕರಿಸಿದ್ದ ಹುದ್ದೆ.

ನಾನೂ ಈ ದಾರಿಯಲ್ಲಿ ನಡೆದವಳು. ಸಾಲ ಮಂಜೂರಾತಿಯ ವಿಭಾಗದಲ್ಲಿದ್ದ ನನ್ನನ್ನು ಮಹಿಳಾ ಸಿಬ್ಬಂದಿಯ ಬೆಳವಣಿಗೆಗೆಂದು ಹೊಸದಾಗಿ ಮಾಡಿದ ಕೋಶಕ್ಕೆ ಕಳುಹಿಸಿದರು. ಮೂರು ವರ್ಷಗಳ ನಂತರ ಹಿಂದಿರುಗುತ್ತೇನೆಂದಾಗ, ನೀವು ವ್ಯವಹಾರದ ಸಂಪರ್ಕ ಕಳೆದುಕೊಂಡಿದ್ದೀರಿ ಎಂದು, ನನ್ನನ್ನು ಕಳುಹಿಸಿದವರೇ ಹೇಳಿದರು. ಆ ದಿನದ ನೋವಿನಿಂದಲೇ ನಿಮಗೆ ಇಷ್ಟು ಒತ್ತಿ ಬರೆಯುತ್ತಿದ್ದೇನೆ.

ಇನ್ನು, ನೀವು ಒಪ್ಪದಿದ್ದರೆ ಆ ಕೆಲಸದ ಗತಿಯೇನು ಎಂಬ ಪ್ರಶ್ನೆ. ಕೆಲಸ ಆಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಅಲೆಕ್ಸಾಂಡ್ರಾ ಕಲೇವ್, ಫ್ರಾಂಕ್ ಡಾಬಿನ್ ಮತ್ತು ಎರಿನ್ ಕೆಲ್ಲಿ ಅಮೆರಿಕದ 708 ಖಾಸಗಿ ಸಂಸ್ಥೆಗಳ ದಾಖಲೆಗಳನ್ನು ಪರಿಶೀಲಿಸಿ 2006ರಲ್ಲಿ ಪ್ರಕಟಿಸಿದ ಸಂಶೋಧನೆ ಈ ವಿಷಯದಲ್ಲಿ ಬಹಳ ಉಪಯುಕ್ತವಾದದ್ದು. ವ್ಯವಸ್ಥಾಪಕರ ಪೂರ್ವಗ್ರಹ ಹೋಗಲಾಡಿಸಲು ನಡೆಸುವ ತರಬೇತಿಗಳಿಂದ ಉನ್ನತ ಹುದ್ದೆಗಳಲ್ಲಿನ ಮಹಿಳೆಯರ ಮತ್ತು ಅಲ್ಪಸಂಖ್ಯಾತರ ಸಂಖ್ಯೆ ಹೆಚ್ಚಲಿಲ್ಲವೆಂದೇ ಹೇಳಬೇಕು. ಹೆಚ್ಚಿದ್ದು, ಇದು ಇಂಥವರ ಹೊಣೆ ಎಂದು ಸ್ಪಷ್ಟವಾಗಿ ವಹಿಸಿದ ಸಂಸ್ಥೆಗಳಲ್ಲಿ, ಅದಕ್ಕೆಂದೇ ಅಧಿಕಾರಿಯನ್ನು ನೇಮಿಸಿದ ಅಥವಾ ಸಮಿತಿ ರಚಿಸಿ ಉತ್ತರದಾಯಿಯಾಗಿಸಿದ ಕಡೆಗಳಲ್ಲಿ. ಆದ್ದರಿಂದ ನಿಮ್ಮ ನಿರ್ದೇಶಕರ ಆಲೋಚನೆಯೇ ತಪ್ಪೆಂದು ನಾನು ಹೇಳಲಾರೆ. ಅವರು ಆರಿಸಿದ ವ್ಯಕ್ತಿಯ ಬಗ್ಗೆ ಮಾತ್ರ ನನ್ನ ತಕರಾರು. ಅಡ್ಡಿಗಳನ್ನು ತೆಗೆಯಬೇಕಾದವರು ಅಡ್ಡಿಗಳನ್ನು ಅನುಭವಿಸಿದವರೇ ಆಗಬೇಕೆಂದು ಯಾರೂ ಬರೆದಿಟ್ಟಿಲ್ಲ. ಡೇವಿಡ್ ಹೆಕ್ಮನ್, ಸ್ಟೆಫಾನಿ ಜಾನ್ಸನ್ ಮತ್ತು ಅವರ ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮಂಥವರಿಗೆ ಅವಕಾಶ ಕೊಡಬೇಕೆಂದು ವಾದಿಸುವ ಮಹಿಳೆಯರನ್ನೂ ಬಿಳಿಯರಲ್ಲದವರನ್ನೂ ಇತರರು ಕಡಿಮೆ ಸಮರ್ಥರೆಂದು ಅಳೆದರು. ಅದೇ ಮಾತನ್ನು ಬಿಳಿಯ ಪುರುಷ ಅಧಿಕಾರಿಗಳು ಆಡಿದಾಗ ಅವರಿಗೆ ಅಂಥ ನಷ್ಟವಾಗಲಿಲ್ಲ. ಇದು ಅನ್ಯಾಯ, ಒಪ್ಪುತ್ತೇನೆ. ಆದರೆ ಈ ಅನ್ಯಾಯ ಇರುವ ತನಕ, ಬೆಲೆ ತೆರಬೇಕಿಲ್ಲದವರು ಆ ಕೆಲಸಕ್ಕೆ ಹೆಗಲು ಕೊಡಬೇಕೆಂದು ಕೇಳುವುದು ಸ್ವಾರ್ಥವಲ್ಲ.

ಹಾಗಾಗಿ ನಿರ್ದೇಶಕರ ಬಳಿ ಬರಿಗೈಯಲ್ಲಿ ‘ಬೇಡ’ ಎನ್ನುವ ಬದಲು ಒಂದು ಪ್ರಸ್ತಾವನೆಯೊಂದಿಗೆ ಹೋಗಿ. ಹೊಸ ವಿಭಾಗವನ್ನು ಈಗಾಗಲೇ ವ್ಯವಹಾರವೊಂದನ್ನು ನಡೆಸುತ್ತಿರುವ ಹಿರಿಯರೊಬ್ಬರ ನೇರ ಹೊಣೆಗೆ ಒಪ್ಪಿಸಲಿ. ಯಾರಿಗೆ ಬಡ್ತಿ ಸಿಕ್ಕಿತು, ಯಾರಿಗೆ ಯಾವ ಕಾರಣಕ್ಕೆ ತಪ್ಪಿತು ಎಂಬ ಪಟ್ಟಿ ಪ್ರತಿವರ್ಷ ಆಡಳಿತ ಮಂಡಳಿಯ ಮುಂದೆ ಬರಲಿ. ಆ ಪಟ್ಟಿಯನ್ನು ಪರಿಶೀಲಿಸುವ ಸಮಿತಿಯಲ್ಲಿ ಒಬ್ಬ ಸದಸ್ಯೆಯಾಗಿ ನೀವು ಸಂತೋಷದಿಂದ ದುಡಿಯುತ್ತೀರಿ. ಇಷ್ಟು ಹೇಳಿದ ಮೇಲೆ, ನಿವೃತ್ತರಾಗುವವರ ಸ್ಥಾನಕ್ಕೆ ನೀವು ಅಭ್ಯರ್ಥಿ ಎಂದು ಸ್ಪಷ್ಟವಾದ ಮಾತಿನಲ್ಲಿ ತಿಳಿಸಿ. ನಿಮ್ಮ ಪತ್ರದಲ್ಲಿ ‘ಕಾಯುತ್ತಿದ್ದೆ’ ಎಂದಿದೆ, ‘ಕೇಳಿದ್ದೆ’ ಎಂದಿಲ್ಲ. ಇದನ್ನು ತಪ್ಪೆಂದು ಎತ್ತಿ ಆಡುತ್ತಿಲ್ಲ. ಕೇಳುವ ಹೆಂಗಸನ್ನು ದುರಾಸೆಯವಳೆಂದು ಕರೆಯುವ ಕಚೇರಿಗಳಲ್ಲಿ ಕಾಯುವುದನ್ನೇ ನಾವು ವಿನಯವೆಂದು ಕಲಿತುಬಿಡುತ್ತೇವೆ. ಆದರೆ ನಿಮ್ಮ ಮನಸ್ಸಿನಲ್ಲಿರುವುದು ನಿರ್ದೇಶಕರಿಗೆ ಇಂದಿಗೂ ಗೊತ್ತಿಲ್ಲದೆ ಇರಬಹುದು.

ಒಂದು ಎಚ್ಚರಿಕೆಯಿರಲಿ. ಹಟ ಹಿಡಿದಾಗ, ನೆಲಕಚ್ಚುತ್ತಿರುವ ಘಟಕವೊಂದನ್ನು ತೋರಿಸಿ ‘ಇದನ್ನು ನಡೆಸಿ’ ಎನ್ನುವ ಸಾಧ್ಯತೆಯಿದೆ. ಮಿಷೆಲ್ ರಯಾನ್ ಮತ್ತು ಅಲೆಕ್ಸ್ ಹ್ಯಾಸ್ಲಮ್ ಲಂಡನ್ ಷೇರುಪೇಟೆಯ 100 ದೊಡ್ಡ ಕಂಪನಿಗಳನ್ನು ನೋಡಿ, ಷೇರುಬೆಲೆ ಕುಸಿಯುತ್ತಿದ್ದಾಗಲೇ ಮಹಿಳೆಯರನ್ನು ನಿರ್ದೇಶಕರಾಗಿ ಕರೆತಂದ ನಿದರ್ಶನಗಳನ್ನು 2005ರಲ್ಲಿ ಮುಂದಿಟ್ಟರು. ಅದಕ್ಕೆ ಗಾಜಿನ ಪ್ರಪಾತ ಎಂದು ಹೆಸರಿಟ್ಟರು. ಅಂಥ ಹೊಣೆ ಬಂದರೆ ಕೂಡಲೇ ತಿರಸ್ಕರಿಸಬೇಕಾಗಿಲ್ಲ. ಎಷ್ಟು ಬಂಡವಾಳ, ಎಷ್ಟು ಕಾಲಾವಕಾಶ, ತಂಡವನ್ನು ಆರಿಸುವ ಅಧಿಕಾರ ಯಾರದು, ಯಾವುದನ್ನು ಯಶಸ್ಸೆಂದು ಅಳೆಯುತ್ತಾರೆ ಎಂಬುದು ಬರಹದಲ್ಲಿ ಬಂದ ಮೇಲೆ ಒಪ್ಪಿ.

ಇಷ್ಟೆಲ್ಲ ಆದ ಮೇಲೂ ಸಮಾನ ಅವಕಾಶದ ಕೆಲಸದಲ್ಲೇ ನಿಮ್ಮ ಜೀವವಿದೆ ಎಂದು ನಿಮಗೆ ಅನ್ನಿಸಿದರೆ, ನಾನು ತಡೆಯುವವಳಲ್ಲ. ಎರಡು ವರ್ಷಗಳ ನಂತರ ವ್ಯವಹಾರದ ಹುದ್ದೆಗೆ ಮರಳುವ ಹಕ್ಕನ್ನೂ ಬಡ್ತಿಯ ನಿರ್ಧಾರಗಳಲ್ಲಿ ಮತವನ್ನೂ ಲಿಖಿತವಾಗಿ ಪಡೆದು ಹೋಗಿ.

ನಿರ್ದೇಶಕರನ್ನು ಕಾಣುವ ಮೊದಲು, ನಿವೃತ್ತರಾಗಲಿರುವ ನಿಮ್ಮ ಮುಖ್ಯಸ್ಥರನ್ನು ಕಾಣಿ. ನಿಮ್ಮ 6 ವರ್ಷಗಳ ಮಾರಾಟದ ಲೆಕ್ಕವನ್ನು ಅವರಷ್ಟು ಬಲ್ಲವರು ಬೇರೆ ಇಲ್ಲ. ಅವರಿಂದ ಸಲಹೆಯನ್ನಷ್ಟೇ ಕೇಳಿ ಎದ್ದು ಬರಬೇಡಿ. ಉತ್ತರಾಧಿಕಾರಿಯ ಆಯ್ಕೆಯ ಸಭೆಯಲ್ಲಿ, ನೀವು ಇಲ್ಲದ ಆ ಕೋಣೆಯಲ್ಲಿ, ‘ನನ್ನ ಹೆಸರನ್ನು ನೀವೇ ಎತ್ತುವಿರಾ’ ಎಂದು ನೇರವಾಗಿ ಕೇಳಿ. ಅವರು ಏನೆಂದರು ಎಂಬುದನ್ನು ಸಾಧ್ಯವಾದರೆ ನನಗೂ ಬರೆದು ತಿಳಿಸಿ. ಮುಂದಿನ ಹೆಜ್ಜೆಯನ್ನು ಅದರ ಮೇಲೆ ಯೋಚಿಸೋಣ.